ಸಾಹೇಬರ ಮನೆಯ ಮಂಡಕ್ಕಿ

ಕಾಲು ಚಾಚಿ ಕೂತು ಕೇಳು ಮಗಾ, ಕೋರ್ಟಿನ ಮುಂದೆ ಇನ್ನೂ ಹುಣಸೆಮರವಿದ್ದ ಕಾಲದ ಮಾತು. ಮಕ್ಕಳಿಗಾಗಿ ಕೋರ್ಟು ಹತ್ತಿದ ತಾಯ್ತಂದೆಯರ ಬೆನ್ನಿಗೆ ನಿಲ್ಲುವ ಸಮಾಜ ಸೇವಕಿಯರಿದ್ದರು. ಅವರಿಗೆಲ್ಲ ಪಾರೋತಕ್ಕನೇ ಯಜಮಾನಿ.

ದ್ಯಾಮವ್ವ, ಬಾಲಮಂದಿರಕ್ಕೆ ಒಯ್ದ ಮಗಳನ್ನು ವಾಪಸ್ ಕೊಡಿ ಅಂತ ಅಳುತ್ತಿದ್ದಳು. ಮಕ್ಕಳ ಇಲಾಖೆಯ ಹೊಸ ಸಾಹೇಬರು ಪಾರೋತಕ್ಕನ ಮೇಲೆ ಗುಡುಗಿದರು: "ಅವಳ ಮನೆ ಕಸದ ತೊಟ್ಟಿ ಅಂತ ನಿನ್ನ ಹುಡುಗಿಯರ ಕೈಲಿ ಕೋರ್ಟಿಗೆ ವರದಿ ಬರೆಸಮ್ಮ. ಮಗು ಬಾಲಮಂದಿರದಲ್ಲೇ ಇರಲಿ."

"ಆಗಲಿ ಸ್ವಾಮಿ," ಅಂದಳು ಪಾರೋತಕ್ಕ. "ಒಪ್ಪ ಓರಣ ಅಂದರೇನು ಅಂತ ನಮ್ಮ ಹುಡುಗಿಯರು ಮೊದಲು ಕಲೀಲಿ. ನಾಳೆ ಹಾಲು ಕಾಯುವ ಹೊತ್ತಿಗೆ ತಮ್ಮ ಮನೆಗೇ ಕರ್ಕೊಂಡು ಬರ್ತೀನಿ."

ಸಾಹೇಬರು ಎರಡೂ ಕೈ ಅಡ್ಡ ಹಿಡಿದರು. "ಬೇಡಮ್ಮಾ! ಮೊಮ್ಮಕ್ಕಳಿದಾರೆ. ಗೋಡೆ ತುಂಬ ಮಸಿ, ಹಾಸಿಗೆ ತುಂಬ ಮಂಡಕ್ಕಿ!"

"ಹಂಗಾದ್ರೆ ಅವರನ್ನೂ ಬಾಲಮಂದಿರಕ್ಕೆ ಬರೆಸಲಾ ಸ್ವಾಮಿ?"

"ದ್ಯಾಮವ್ವನ ಮಗು ಮನೆಗೆ ಹೋಗಲಿ ಅಂತ ಬರೆಸು ಮಾರಾಯ್ತಿ!"

ಮಗು ಮನೆಗೆ ಬಂತು, ಬೆಳೆದು ಟೀಚರಾಯಿತು. ಸಾಹೇಬರು ನಿವೃತ್ತರಾಗಿ ಮೊಮ್ಮಕ್ಕಳಿಗೆ ಆನೆಯಾದರು. ಪಾರೋತಕ್ಕ ಈಗಿಲ್ಲ. ಅವಳ ಹುಡುಗಿಯರು ಮಾತ್ರ ಇವತ್ತಿಗೂ ಯಾರ ಮನೆಗೆ ಹೋದರೂ ಮೊದಲು ಮಗುವಿನ ಮುಖ ನೋಡುತ್ತಾರೆ, ಆಮೇಲೆ ನೆಲ.