ನಾಡಿ ಇಳಿಯುವ ತನಕ

ನದಿಯ ದಂಡೆಯಿಂದ ಗುಡ್ಡದ ತುದಿಗೆ ಒಂದು ರಸ್ತೆ. ಅದರ ಬುಡದಲ್ಲಿ ಒಂದು ಕಲ್ಲು. ಸೈಕಲ್ ಓಟ ಕಲಿಸುವ ಕಲ್ಲಯ್ಯ ಗುರುಗಳು ಬೆಳಿಗ್ಗೆ ಆ ಕಲ್ಲಿನ ಮೇಲೆ ಕೂರುತ್ತಿದ್ದರು.

ಶಿಷ್ಯರು ಬಿರುಸಾಗಿ ಏರು ಹತ್ತಬೇಕು, ಹಗುರಾಗಿ ಇಳಿಯಬೇಕು, ಬಂದು ಕೈ ಚಾಚಬೇಕು. ಗುರುಗಳು ಮಣಿಕಟ್ಟು ಹಿಡಿದು ಕಣ್ಣು ಮುಚ್ಚುವರು. ನಾಡಿ ಇಳಿದ ಮೇಲೆ ಬಿಡುವರು. ಆಮೇಲೆ ಮತ್ತೆ ಏರು.

ಶಿಷ್ಯರಲ್ಲಿ ದಾವಲನ ಕೈ ಬೇಗ ಬಿಡುತ್ತಿದ್ದರು. ಸಂಗನಬಸುವಿನದು ಬೇಗ ಬಿಡುತ್ತಿರಲಿಲ್ಲ.

ದಾವಲ ನಗುತ್ತಿದ್ದ. "ಏನಪಾ ಸಂಗ್ಯಾ, ಗುರುಗಳು ಭವಿಷ್ಯ ಹೇಳಾಕತ್ತಾರೇನು? ಮದುವಿ ಯಾವಾಗಂತ ಕೇಳು!"

ಸಂಗನಬಸು ಹಲ್ಲು ಕಚ್ಚುತ್ತಿದ್ದ. ಗುರುಗಳ ಬಳಿ ಪಂದ್ಯದ ಸೈಕಲ್ ಇದ್ದದ್ದು ಒಂದೇ. ಈ ವರ್ಷದ ಪಂದ್ಯಕ್ಕೆ ಅದು ಇವರಿಬ್ಬರಲ್ಲಿ ಒಬ್ಬನಿಗೆ.

ಮೊದಲ ಏರಿನಲ್ಲಿ ಸಂಗನಬಸುವೇ ಮುಂದೆ. ದಾವಲನ ನೆರಳು ಕಂಡರೆ ಸಾಕು, ಎದ್ದು ನಿಂತು ತುಳಿಯುತ್ತಿದ್ದ. ಕೊನೆಯ ಏರಿಗೆ ಅವನ ಮುಂದಿನ ಚಕ್ರ ಅತ್ತಿತ್ತ ಓಲಾಡುತ್ತಿತ್ತು. ದಾವಲ ಮೊದಲ ಏರನ್ನು ಹೇಗೆ ಹತ್ತಿದ್ದನೋ ಕೊನೆಯದನ್ನೂ ಹಾಗೇ ಹತ್ತುತ್ತಿದ್ದ.

ಒಂದು ದಿನ ಸಂಗನಬಸು ತಡೆಯಲಾರದೆ ಕೇಳಿದ.

"ಅವನ್ನ ಲಗೂನ ಬಿಡ್ತೀರಿ. ನನ್ನ ಯಾಕ ಹಿಡ್ಕೊಂಡು ಕೂಡ್ತೀರಿ? ಅವ ನಿಮಗ ಹೆಚ್ಚೇನ್ರಿ?"

"ನಿನ್ನ ನಾಡಿ ಇಳಿಯೂದಿಲ್ಲ."

"ನಾ ಅವನಕಿಂತ ಜೋರು ಹತ್ತತೀನ್ರಿ. ಅದಕ್ಕ ಇಳಿಯೂದಿಲ್ಲ."

"ಇರಬಹುದು," ಎಂದರು ಗುರುಗಳು. "ನಾಳೆ ಸೈಕಲ್ ಇಲ್ಲದ ಬಾ."

ಮರುದಿನ ಅವನು ನಡೆದು ಬಂದ. ಗುರುಗಳು ಪಕ್ಕದಲ್ಲಿ ಕೂರಿಸಿಕೊಂಡರು. ಬಹಳ ಹೊತ್ತು ಇಬ್ಬರೂ ನದಿ ನೋಡಿದರು. ಆಮೇಲೆ ಅವರು ಅವನ ಮಣಿಕಟ್ಟು ಹಿಡಿದರು. ನಾಡಿ ನಿಧಾನವಾಗಿತ್ತು.

ತಿರುವಿನಲ್ಲಿ ಗಂಟೆಯ ಸದ್ದು. ದಾವಲ ಬಂದ. ಅವನು ಪಂದ್ಯದ ಸೈಕಲ್ ಮೇಲಿದ್ದ. ಕೈ ಬೀಸಿ, ಏರು ಹಿಡಿದು ಹೋದ.

ಸಂಗನಬಸು ಕದಲಲಿಲ್ಲ.

"ಕೊಟ್ಟು ಬಿಟ್ಟಿರೇನ್ರಿ?"

"ಈ ವರ್ಷ ಅವನಿಗೆ."

ಗುರುಗಳು ಅವನ ಇನ್ನೊಂದು ಕೈಯ ಬೆರಳುಗಳನ್ನು ಹಿಡಿದು ಅವನದೇ ಮಣಿಕಟ್ಟಿನ ಮೇಲೆ ಇಟ್ಟರು. ಕೊನೆಯ ಏರು ಮುಗಿಸಿ ಬಂದಾಗ ಬಡಿಯುವಂತೆ ನಾಡಿ ಬಡಿಯುತ್ತಿತ್ತು.

ಅವನು ಬೆರಳು ತೆಗೆದ. ಮತ್ತೆ ಇಟ್ಟ.

"ನಾ ಇನ್ನೂ ಹತ್ತೇ ಇಲ್ಲಲ್ರೀ, ಗುರುಗಳ," ಎಂದ ಮೆಲ್ಲಗೆ.

ಮೇಲೆ ದಾವಲ ತುದಿಯ ಹತ್ತಿರ ಸಣ್ಣದಾಗಿ ಕಾಣುತ್ತಿದ್ದ. ಗುರುಗಳು ಅತ್ತ ನೋಡಲಿಲ್ಲ.

"ಸಾವಕಾಶ ಇಳದು ಬಾ," ಎಂದರು. "ನಾ ಇಲ್ಲೇ ಕೂತಿರ್ತೀನಿ."