ಕುಂಕುಮದಡಿಯ ಸಂಖ್ಯೆ

ಚನ್ನಕೇಶವಯ್ಯನವರ ಪ್ರೆಸ್ಸಿನಲ್ಲಿ ಹನ್ನೆರಡು ವರ್ಷ ಲಗ್ನಪತ್ರಿಕೆಗಳಿಗೆ ಅಕ್ಷರ ಒದಗಿಸಿದ ತಂತ್ರಾಂಶದ ಸಿ.ಡಿ.ಯೊಂದು ಹೊಸ ಕಂಪ್ಯೂಟರಿನೊಳಗೆ ಹೋಗಿ, "ಮತ್ತೆ ಬರೆಯುವಾಸೆ, ಜಾಗ ಕೊಡಪ್ಪ" ಎಂದು ಬೇಡಿತು.

"ನಿಮ್ಮನ್ನು ಕೊಂಡಾಗ ಕೊಟ್ಟ ಸಂಖ್ಯೆ ಹೇಳಿ, ಒಳಗೆ ಬಿಟ್ಟುಕೊಳ್ಳುತ್ತೇನೆ" ಎಂದಿತು ಕಂಪ್ಯೂಟರು.

ಆ ಸಂಖ್ಯೆಯ ಚೀಟಿ ಮೂಲೆ ಸೇರಿದ್ದ ಹಳೆಯ ಕಂಪ್ಯೂಟರಿನ ಹಣೆಯ ಮೇಲಿತ್ತು. "ಅಣ್ಣಾ, ಓದಿ ಹೇಳು" ಎಂದು ಸಿ.ಡಿ. ಕೂಗಿತು.

"ಏನಂತ ಓದಲಮ್ಮ? ಪ್ರತಿ ಆಯುಧಪೂಜೆಗೂ ಯಜಮಾನರು ಅದರ ಮೇಲೆಯೇ ಕುಂಕುಮವಿಟ್ಟು, ಆಮೇಲೆ ಒದ್ದೆ ಬಟ್ಟೆಯಲ್ಲಿ ಒರೆಸಿದರು. ಅಂಕಿಗಳೆಲ್ಲ ಅಳಿಸಿಹೋಗಿವೆ."

ಹೊಸ ಕಂಪ್ಯೂಟರು ಸಿ.ಡಿ.ಯನ್ನು ಹೊರಗೆ ತಳ್ಳಿತು. ಯಜಮಾನರು ಬೇರೆ ಸಿ.ಡಿ. ತಂದು, ಅದರ ಸಂಖ್ಯೆಯ ಚೀಟಿಯನ್ನು ಹೊಸ ಕಂಪ್ಯೂಟರಿಗೆ ಅಂಟಿಸಿದರು. ಹಬ್ಬ ಬಂತು. ಹೊಳೆಯುವ ಪರದೆಯನ್ನೇ ನೋಡುತ್ತ ಮೇಜಿನ ಮೇಲೆ ಬಿದ್ದಿದ್ದ ಹಳೆಯ ಸಿ.ಡಿ., ಅವರು ಕುಂಕುಮಕ್ಕೆ ಬೆರಳದ್ದಿದ್ದು ಕಂಡು, "ಯಜಮಾನರೇ, ಒಂದು ಚೂರು ಪಕ್ಕಕ್ಕೆ!" ಎಂದು ಅಂಗಲಾಚಿತು.

ಬೆರಳು ಭಕ್ತಿಯಿಂದ ನೇರವಾಗಿ ಚೀಟಿಯ ಮೇಲೆಯೇ ಇಳಿಯಿತು.