ತೊಗರಿಯ ಬೇರಿಗೆ ಗಂಟು ಬಂದದ್ದು

ಆಗ ಭೂಮಿ ಹೊಸದು. ಅದರ ಮೈಯ ಹಸಿ ಇನ್ನೂ ಆರಿರಲಿಲ್ಲ. ಗುಡ್ಡಗಳು ಎಲ್ಲಿ ಕೂರಬೇಕೆಂದು ಜಾಗ ಹುಡುಕುತ್ತಿದ್ದವು. ಮಣ್ಣಿಗೆ ಮಾತು ಬರುತ್ತಿತ್ತು. ಗಾಳಿಗೂ ಬರುತ್ತಿತ್ತು. ಗಿಡಗಳಂತೂ ಹಗಲೆಲ್ಲ ಹರಟುತ್ತಿದ್ದವು.

ಆ ಕಾಲದಲ್ಲಿ ಹೊಳೆಯ ದಂಡೆಯ ಕರಿನೆಲದಲ್ಲಿ ಮಾಳಿಂಗ ಎಂಬ ರೈತನಿದ್ದ. ಅವನ ಹೆಂಡತಿ ಕೆಂಚವ್ವ. ಅವರಿಗೊಬ್ಬಳು ಪುಟ್ಟ ಮಗಳು, ಹೊನ್ನಿ.

ಮಾಳಿಂಗ ದಿಬ್ಬದ ಮೇಲಿನ ಹೊಲ, ಹೊಳೆಯ ಕಡೆಯ ಕೆಳಗಿನ ಹೊಲ ಎರಡನ್ನೂ ಉತ್ತು ಜೋಳ ಬಿತ್ತಿದ. ಜೋಳ ಅವನ ತಲೆಯನ್ನೂ ಮೀರಿ ಬೆಳೆಯಿತು. ತೆನೆಗಳು ಎಷ್ಟು ದಪ್ಪವೆಂದರೆ ಹೊನ್ನಿ ಒಂದನ್ನು ಎರಡೂ ಕೈಯಿಂದ ತಬ್ಬಿ ಹಿಡಿಯಬೇಕಿತ್ತು. ಮನೆಯಲ್ಲಿ ದಿನವೂ ರೊಟ್ಟಿಯ ಸಪ್ಪಳ, ದಿನವೂ ರೊಟ್ಟಿಯ ವಾಸನೆ.

ಮರುವರ್ಷವೂ ಮಾಳಿಂಗ ಜೋಳ ಬಿತ್ತಿದ. ಅದರ ಮರುವರ್ಷವೂ ಜೋಳ. ಅದರಾಚೆಯ ವರ್ಷವೂ ಜೋಳ.

ಒಂದು ದಿನ ಅವನು ನೇಗಿಲು ಹೊಡೆಯುತ್ತಿದ್ದಾಗ ಮಣ್ಣು ಮಾತಾಡಿತು.

"ತಮ್ಮಾ, ಈ ಸಲ ಜೋಳ ಬ್ಯಾಡೋ. ಜೋಳ ನನ್ನ ಹತ್ರ ಪ್ರತಿ ವರ್ಷ ಅದಾ ತುತ್ತು ಬೇಡತೈತಿ. ಆ ತುತ್ತು ತೀರಾಕ ಬಂದೈತಿ. ಬ್ಯಾರೆ ಏನಾರ ಹಾಕು. ಇಲ್ಲಾಂದ್ರ ಒಂದು ವರ್ಷ ಸುಮ್ನ ಬಿಡು, ದಣಿವು ಆರಿಸ್ಕೋತೀನಿ."

ಮಾಳಿಂಗ ಎತ್ತು ನಿಲ್ಲಿಸಿದ. "ಸುಮ್ನ ಬಿಟ್ಟರ ನನ್ನ ಮಗಳು ಏನ್ ಉಣ್ಣಬೇಕು ಯವ್ವಾ? ಇದೊಂದು ವರ್ಷ ತಡ್ಕೋ."

ಮಾಳಿಂಗ ಕೆಟ್ಟವನಲ್ಲ. ಹಸಿವಿಗೆ ಹೆದರಿದವನು. ಅವನು ಮತ್ತೆ ಜೋಳ ಬಿತ್ತಿದ.

ಮುಂದಿನ ವರ್ಷ ಮಣ್ಣಿನ ದನಿ ಸಣ್ಣಗಾಗಿತ್ತು. "ಬ್ಯಾಡೋ ತಮ್ಮಾ," ಎಂದಿತು. ಮಾಳಿಂಗ, "ಇದೊಂದು ವರ್ಷ," ಎಂದ. ಅದರ ಮುಂದಿನ ವರ್ಷ ಮಣ್ಣಿನ ದನಿಯೇ ಕೇಳಿಸಲಿಲ್ಲ. ಇನ್ನು ತಕರಾರಿಲ್ಲ ಎಂದುಕೊಂಡು ಮಾಳಿಂಗ ಬಿತ್ತುವ ಕೂರಿಗೆ ಹೂಡಿದ.

ಆ ವರ್ಷ ಜೋಳ ಮೊಣಕಾಲಿಗೇ ನಿಂತಿತು. ತೆನೆ ಹೆಬ್ಬೆರಳಿನಷ್ಟು. ಬೇರಿನ ಬುಡದಲ್ಲಿ ಬಿಳಿ ಹೂವಿನ ಕಳೆಯೊಂದು ಹುಟ್ಟಿ, ಇದ್ದಬದ್ದ ರಸವನ್ನೂ ಹೀರಿತು. ಹಿಂದೆ ಉಂಡೆ ಕಟ್ಟಿದರೆ ನಿಲ್ಲುತ್ತಿದ್ದ ಮಣ್ಣು ಈಗ ಬೆರಳ ಸಂದಿನಲ್ಲಿ ಹಿಟ್ಟಿನಂತೆ ಸೋರುತ್ತಿತ್ತು.

ಗಾಳಿ ಅದನ್ನು ದೂರದಿಂದಲೇ ನೋಡಿತು. ಮೆಲ್ಲಗೆ ಬಂತು.

"ಮಾಳಿಂಗಾ, ಈ ಮಣ್ಣನ್ನ ಹಿಡ್ಕೊಳ್ಳೋರು ಯಾರೂ ಇಲ್ಲಲ್ಲೋ. ನಾ ಒಯ್ಯಲೇನು?"

ಉತ್ತರಕ್ಕೆ ಕಾಯಲಿಲ್ಲ. ಮೇಲಿನ ಹೊಲದ ಮಣ್ಣನ್ನೆಲ್ಲ ಎತ್ತಿಕೊಂಡು ಹೋಯಿತು. ಆಕಾಶ ಕಪ್ಪಾಯಿತು. ಮಾಳಿಂಗ ಎರಡೂ ಕೈ ಚಾಚಿ ಓಡಿದ, ನೆಲದ ಮೇಲೆ ಬೋರಲು ಬಿದ್ದ, ಮೈಯ ಅಡಿ ಸಿಕ್ಕಷ್ಟು ಮಣ್ಣನ್ನು ಅವುಚಿಕೊಂಡ. ಗಾಳಿ ನಿಂತಾಗ ಅವನ ಸುತ್ತ ಬರೀ ಬಿಳಿ ಕಲ್ಲು. ಆಮೇಲೆ ಮಳೆ ಬಂದು, ಕೆಳಗಿನ ಹೊಲದಿಂದಲೂ ಒಂದಷ್ಟು ಮಣ್ಣನ್ನು ಹೊಳೆಗೆ ಎಳೆದುಕೊಂಡು ಹೋಯಿತು.

ಮನೆಯಲ್ಲಿ ರೊಟ್ಟಿಯ ಸಪ್ಪಳ ನಿಂತಿತು. ಕೆಂಚವ್ವ ಅಂಬಲಿ ಕಾಸಿದಳು. ಅಂಬಲಿ ದಿನದಿಂದ ದಿನಕ್ಕೆ ತಿಳಿಯಾಯಿತು. ಕೊನೆಗೆ ಅದು ಬರೀ ಬಿಸಿನೀರು. ಹೊನ್ನಿ ಓಡುವುದನ್ನು ಬಿಟ್ಟಳು. ಆಮೇಲೆ ನಡೆಯುವುದನ್ನು ಬಿಟ್ಟಳು. ಒಂದು ಬೆಳಗ್ಗೆ ಕೆಂಚವ್ವ ಎಬ್ಬಿಸಿದರೆ ಏಳಲಿಲ್ಲ.

ಮಾಳಿಂಗ ಕೆಳಗಿನ ಹೊಲದ ಅಂಚಿನಲ್ಲಿ ಗುಂಡಿ ತೋಡಿದ. ಎಷ್ಟು ತೋಡಿದರೂ ಒಂದು ಎರೆಹುಳ ಸಿಗಲಿಲ್ಲ. ಮಗಳನ್ನು ಮಲಗಿಸಿ, ಮಣ್ಣಿನ ಮೇಲೆ ಕೈಯಿಟ್ಟು ಹೇಳಿದ: "ಯವ್ವಾ, ಇಕಿನ್ನ ನಿನ್ನ ಮಡಿಲಾಗ ಹಾಕ್ಕೋ."

ಆಮೇಲೆ ಬೊಗಸೆ ಬೊಗಸೆಯಾಗಿ ಮಣ್ಣು ಹಾಕಿ ಗುಂಡಿ ಮುಚ್ಚಿದ.

ಬಿತ್ತುವ ಕಾಲ ಬಂತು. ಮಾಳಿಂಗ ಗಡಿಗೆಯ ತಳದಲ್ಲಿ ಉಳಿದಿದ್ದ ಜೋಳದ ಬೀಜ ಕಟ್ಟಿಕೊಂಡು ಹೊರಟ. ಕೆಂಚವ್ವ ಬಾಗಿಲಲ್ಲಿ ಅಡ್ಡ ನಿಂತಳು.

"ಎಲ್ಲಿಗಿ?"

"ಬಿತ್ತಾಕ. ಇದೊಂದು ವರ್ಷ ನೋಡೋಣು."

"ಇದೊಂದು ವರ್ಷ, ಇದೊಂದು ವರ್ಷ ಅಂತಾನ ಕೂಸನ್ನ ಮಣ್ಣಾಗ ಇಟ್ಟ ಬಂದೀವಿ," ಎಂದಳು ಕೆಂಚವ್ವ. "ಆ ನೆಲದಾಗ ಇನ್ನೇನೈತಿ, ನೀವು ಬೇಡಾಕ?"

ಮಾಳಿಂಗ ಹೊಸ್ತಿಲ ಮೇಲೆ ಕುಸಿದು ಕೂತ. "ನಂಗ ಬ್ಯಾರೆ ಏನೂ ಬರಂಗಿಲ್ಲ ಕೆಂಚಿ," ಎಂದ.

ಕೆಂಚವ್ವ ಗಿಡಗಳ ಹತ್ತಿರ ಹೋದಳು. ಮೊದಲು ಹತ್ತಿಗಿಡವನ್ನು ಕೇಳಿದಳು: "ನನ್ನ ಹೊಲಕ್ಕ ಬರ್ತೀಯೇನವ್ವಾ?"

"ಆ ಹೊಲಕ್ಕಾ? ನಂಗ ಜೋಳಕ್ಕಿಂತ ಹಸಿವು ಜಾಸ್ತಿ. ಉಳಿದದ್ದನ್ನೂ ತಿಂದು ಬಿಡತೀನಿ," ಎಂದಿತು ಹತ್ತಿ. ಎಳ್ಳಿನ ಗಿಡ ಮುಖ ತಿರುಗಿಸಿತು.

ಬದುವಿನ ಕಲ್ಲುಗಳ ನಡುವೆ ತೊಗರಿಗಿಡ ಒಂದೇ ನಿಂತಿತ್ತು. ಆಗ ತೊಗರಿಯನ್ನು ಯಾರೂ ಬಿತ್ತುತ್ತಿರಲಿಲ್ಲ. ಅದರ ಬೇರು ನೂಲಿನ ಹಾಗೆ ನುಣುಪಾಗಿತ್ತು.

"ನಾ ಬರ್ತೀನಿ," ಎಂದಿತು ತೊಗರಿ. "ನಂಗೂ ಹೆದರಿಕಿ ಐತಿ ಅಕ್ಕಾ. ಆದ್ರ ನಿನ್ನ ಕೂಸು ದಿನಾ ನನ್ನ ನೆರಳಾಗ ಕೂತು ಆಡತಿತ್ತು. ಈಗ ಅದು ಆ ನೆಲದಾಗ ಒಂದಾ ಮಲಗೇತಿ."

ಕೆಂಚವ್ವ ಸೆರಗಿನಿಂದ ಕಣ್ಣೊರೆಸಿಕೊಂಡು, ತೊಗರಿಯ ಕಾಳು ಬಿಡಿಸಿ ಕೆಳಗಿನ ಹೊಲದಲ್ಲಿ ಊರಿದಳು.

ತೊಗರಿ ಮೊಳೆಯಿತು. ಮೊಳೆತ ಕೂಡಲೇ ಹಳದಿಯಾಯಿತು. ಅದು ಬೇರನ್ನು ಆಳಕ್ಕೆ ಇಳಿಸಿತು. ಅಲ್ಲೂ ಏನೂ ಇರಲಿಲ್ಲ. ಇನ್ನಷ್ಟು ಆಳಕ್ಕೆ ಇಳಿಸಿದಾಗ, ಕತ್ತಲಲ್ಲಿ ಯಾರೋ ನರಳುವುದು ಕೇಳಿಸಿತು. ಕಣ್ಣಿಗೆ ಕಾಣದಷ್ಟು ಸಣ್ಣ ಜೀವಗಳು. ಮಣ್ಣಿನೊಳಗೆ ಬದುಕಿ ಉಳಿದವು ಅವಷ್ಟೇ.

"ಗಾಳಿಯೊಳಗ ಅನ್ನ ಐತಿ," ಎಂದವು ಆ ಜೀವಗಳು. "ಅದನ್ನ ಬೇಯಿಸೋ ಕೆಲಸ ನಮಗ ಗೊತ್ತೈತಿ. ಆದ್ರ ನಮಗ ಮನಿ ಇಲ್ಲ, ಒಲಿ ಇಲ್ಲ. ನಿನ್ನ ಬೇರಿನೊಳಗ ಬಿಟ್ಕೋತೀಯೇನು?"

"ನೋವಾಗತೈತೇನು?" ಕೇಳಿತು ತೊಗರಿ.

"ಆಗತೈತಿ. ಬೇರು ಕಡಿದ ಒಳಗ ಬರಬೇಕು."

ತೊಗರಿ ಬೇರನ್ನು ಅವುಗಳತ್ತ ಚಾಚಿತು. "ಬರ್ರಿ," ಎಂದಿತು.

ಅವು ಕಡಿದವು. ಕಡಿದಲ್ಲೆಲ್ಲ ಬೇರು ಬಾತುಕೊಂಡಿತು. ಬಾತಲ್ಲೆಲ್ಲ ಗಂಟಾಯಿತು. ತೊಗರಿಯ ಎಲೆಗಳು ನೋವಿಗೆ ಮುದುಡಿದವು. ಆದರೆ ಅದು ಬೇರನ್ನು ಹಿಂದಕ್ಕೆ ಎಳೆದುಕೊಳ್ಳಲಿಲ್ಲ.

ಗಾಳಿ ಎಂದಿನಂತೆ ನೆಲದ ಬಿರುಕಿನೊಳಗೆ ನುಗ್ಗಿತು. ಗಂಟುಗಳು ಅದನ್ನು ಹಿಡಿದುಕೊಂಡವು.

"ಬಿಡ್ರೋ ನನ್ನ!" ಎಂದು ಚೀರಿತು ಗಾಳಿ.

"ನೀ ಒಯ್ದ ಮಣ್ಣು ವಾಪಸ್ ಕೊಡು," ಎಂದಿತು ತೊಗರಿ.

"ಅದು ಸಮುದ್ರದ ಪಾಲಾತು. ಇನ್ನ ಬರಂಗಿಲ್ಲ."

"ಹಂಗಾರ ನಿನ್ನ ಹೊಟ್ಟ್ಯಾಗಿನ ಅನ್ನ ಕೊಟ್ಟು ಹೋಗು."

ಗಾಳಿ ಒದ್ದಾಡಿತು, ಗೋಳಾಡಿತು. ಕೊನೆಗೆ ಅನ್ನ ಬಿಟ್ಟುಕೊಟ್ಟು ಹೋಯಿತು. ಮತ್ತೆ ಬಂದಾಗಲೂ ಕೊಟ್ಟು ಹೋಯಿತು. ಸಣ್ಣ ಜೀವಗಳು ಬೇಯಿಸಿದವು, ತೊಗರಿ ಉಂಡಿತು, ಮಣ್ಣಿಗೂ ಉಣಿಸಿತು.

ಆ ವರ್ಷ ಗಂಡಹೆಂಡತಿ ಅಡವಿಯ ಸೊಪ್ಪು ಕುದಿಸಿ, ಬೊಗಸೆಯಷ್ಟು ತೊಗರಿಬೇಳೆ ಹಾಕಿಕೊಂಡು ಜೀವ ಹಿಡಿದರು. ತೊಗರಿ ತನ್ನ ಎಲೆಗಳನ್ನೆಲ್ಲ ಹೊಲದಲ್ಲೇ ಉದುರಿಸಿತು. ಬೇರನ್ನು ಮಣ್ಣಿನಲ್ಲೇ ಬಿಟ್ಟು ಸತ್ತಿತು.

ಮರುವರ್ಷ ಮಳೆ ಬಿದ್ದ ಮೇಲೆ ಕೆಂಚವ್ವ ಹೊಲಕ್ಕೆ ಹೋದಳು. ಮಣ್ಣು ಅವಳ ಪಾದಕ್ಕೆ ತಣ್ಣಗೆ ಅಂಟಿತು. ಮಣ್ಣಿನ ಹೆಂಟೆಯೊಂದನ್ನು ಒಡೆದರೆ ಒಳಗೊಂದು ಎರೆಹುಳ ಹರಿಯಿತು. "ಯವ್ವಾ," ಎಂದು ಕರೆದಳು. ಮಣ್ಣಿಗೆ ಜೀವ ಬಂದಿತ್ತು, ಮಾತು ಬರಲಿಲ್ಲ. ಆವತ್ತಿನಿಂದ ಈವತ್ತಿನವರೆಗೂ ಬಂದಿಲ್ಲ.

ಆ ವರ್ಷ ಬಿತ್ತಿದ ಜೋಳ ಸೊಂಟದೆತ್ತರ ಬೆಳೆಯಿತು. ಕೆಂಚವ್ವ ರೊಟ್ಟಿ ತಟ್ಟಿದಳು. ಮಾಳಿಂಗ ಮೊದಲ ರೊಟ್ಟಿಯನ್ನು ಹೊಲದ ಅಂಚಿಗೆ ಒಯ್ದು, ಹೊನ್ನಿಯ ಗುಡ್ಡೆಯ ಮೇಲಿಟ್ಟು ಸಂಜೆಯವರೆಗೆ ಅಲ್ಲೇ ಕೂತಿದ್ದ. ಮುಂದಿನ ವರ್ಷ ಯಾರೂ ಹೇಳುವ ಮೊದಲೇ ತೊಗರಿ ಬಿತ್ತಿದ. ಅದರ ಮುಂದಿನ ವರ್ಷ ಜೋಳ. ಮತ್ತೆ ತೊಗರಿ. ಮೇಲಿನ ಹೊಲ ಮಾತ್ರ ಕಲ್ಲಾಗಿಯೇ ಉಳಿಯಿತು. ಅಲ್ಲಿ ಇನ್ನೆಂದೂ ಏನೂ ಬೆಳೆಯಲಿಲ್ಲ.

ಕಾಳಿನಿಂದ ಮತ್ತೆ ಮೊಳೆತ ತೊಗರಿ ತಾನು ಕಲಿತದ್ದನ್ನು ತನ್ನ ತಂಗಿಯರಾದ ಹೆಸರು, ಅಲಸಂದೆ, ಕಡಲೆಗಳಿಗೂ ಹೇಳಿಕೊಟ್ಟಿತು. ನೋವಾಗುತ್ತದೆ ಎಂಬುದನ್ನೂ ಹೇಳಿತು. ಅವೂ ಒಪ್ಪಿದವು.

ಅದಕ್ಕೇ ಮಗೂ, ನೀನು ಹಸಿ ನೆಲದಿಂದ ಎಳೆಯ ತೊಗರಿಗಿಡವನ್ನು ಮೆಲ್ಲಗೆ ಕಿತ್ತು ನೋಡಿದರೆ ಬೇರಿನ ಉದ್ದಕ್ಕೂ ಸಣ್ಣ ಸಣ್ಣ ಗಂಟುಗಳು ಕಾಣುತ್ತವೆ. ಒಂದನ್ನು ಉಗುರಿನಿಂದ ಸೀಳಿ ನೋಡು, ಒಳಗೆ ಇವತ್ತಿಗೂ ಗಾಯದ ಹಾಗೆ ಕೆಂಪಗಿರುತ್ತದೆ.